ಸರದಿ ಬರುವ ಹೊತ್ತಿಗೆ ಯಾರು ಉಳಿದಿರುತ್ತಾರೆ?

ವಿರಾಟ್ ಕೊಹ್ಲಿ ಬೆಂಗಳೂರು ತಂಡ ಸೇರಿದ್ದು ಹರಾಜಿನಲ್ಲಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ ಧೋನಿಯಂಥ ದೊಡ್ಡ ಆಟಗಾರರಿಗೆ ಹಣದ ಹರಾಜು ನಡೆಯಿತು. ಹತ್ತೊಂಬತ್ತು ವರ್ಷದೊಳಗಿನ ಹುಡುಗರಿಗೆ ಮಾತ್ರ ಬೇರೆ ಏರ್ಪಾಡು ಇತ್ತು. ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಒಮ್ಮೆ ಒಬ್ಬರು ಆರಿಸಿದರೆ ಆ ಹುಡುಗ ಮಿಕ್ಕವರಿಗೆ ಇಲ್ಲ. ಕೌಲಾಲಂಪುರದಲ್ಲಿ ಭಾರತದ ಕಿರಿಯರ ತಂಡವನ್ನು ವಿಶ್ವಕಪ್ ಗೆಲ್ಲಿಸಿ ಆಗಷ್ಟೇ ಮರಳಿದ್ದ ಕೊಹ್ಲಿ ಆ ಪಟ್ಟಿಯಲ್ಲಿದ್ದರು. ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ದೆಹಲಿ ತಂಡದ ಸರದಿ ಬಂದಾಗ ಅವರನ್ನು ಇನ್ನೂ ಯಾರೂ ಆರಿಸಿರಲಿಲ್ಲ. ದೆಹಲಿ ಆರಿಸಿದ್ದು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಬ್ಯಾಟಿಂಗಿನ ಚಿಂತೆ ಇರಲಿಲ್ಲ, ಬೌಲರ್ ಬೇಕಿತ್ತು. ಕೊಹ್ಲಿ ಬೆಂಗಳೂರಿನ ಪಾಲಾದರು.

ಈ ಕಥೆ ಕೇಳಿದವರೆಲ್ಲ 'ದೆಹಲಿಯವರು ಹೇಗೆ ಬಿಟ್ಟುಕೊಟ್ಟರು' ಎಂದು ಬೆರಗಾಗುತ್ತಾರೆ. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಇನ್ನೊಂದಿದೆ. ಆ ದಿನ ಬೆಳಿಗ್ಗೆ, ಹೊರಗೆ ಕುಳಿತ ಒಬ್ಬರು ದೆಹಲಿಯ ಆಯ್ಕೆಯನ್ನು ಮೊದಲೇ ಹೇಳಬಹುದಿತ್ತೇ? ಹೇಳುವುದಾದರೆ ಏನೇನು ತಿಳಿದಿರಬೇಕಿತ್ತು?

ಅಮೆರಿಕದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಲಕ್ಷಾಂತರ ಜನ ಇದೇ ಪ್ರಶ್ನೆಯ ಬೆನ್ನು ಹತ್ತುತ್ತಾರೆ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ನಡೆಯುವುದು ಆಗಲೇ. ಪತ್ರಕರ್ತರು, ಸಂಖ್ಯಾಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ಪಂದ್ಯ ನೋಡಿ ಖುಷಿಪಡುವ ಸಾಮಾನ್ಯರು ಎಲ್ಲರೂ ತಮ್ಮ ತಮ್ಮ ತಂಡ ಯಾರನ್ನು ಆರಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮುನ್ಸೂಚನೆಯ ವಿಜ್ಞಾನ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಪ್ರಶ್ನೆ ಖಚಿತವಾಗಿದೆ, ಉತ್ತರ ನಿಗದಿತ ದಿನ ಸಿಗುತ್ತದೆ, ತಪ್ಪು ಒಪ್ಪು ಎಲ್ಲರ ಕಣ್ಣೆದುರೇ ತಿಳಿಯುತ್ತದೆ.

ಸೋತವರಿಗೆ ಮೊದಲ ಸರದಿ

ಅಮೆರಿಕನ್ ಫುಟ್‌ಬಾಲ್ ನಾವು ಒದೆಯುವ ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ ಎದುರಾಳಿಯ ಗಡಿ ಮುಟ್ಟಿಸುವ ಆಟ. ಈ ಅಧ್ಯಾಯಕ್ಕೆ ಎರಡು ಜಾಗಗಳ ಹೆಸರು ಗೊತ್ತಿದ್ದರೆ ಸಾಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿ ಅದನ್ನು ಹಿಡಿಯುವವನು ರಿಸೀವರ್.

ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಡ್ರಾಫ್ಟ್‌ನಲ್ಲಿ ಏಳು ಸುತ್ತು. ಒಟ್ಟು ಆಯ್ಕೆಗಳು ಇನ್ನೂರೈವತ್ತರ ಆಸುಪಾಸು. ಹಿಂದಿನ ವರ್ಷ ಎಲ್ಲಕ್ಕಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ಈ ವ್ಯವಸ್ಥೆಯನ್ನು 1935ರಲ್ಲಿ ಮುಂದಿಟ್ಟವರು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್. ಹಣವಿದ್ದ ತಂಡಗಳು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡು ಬಡ ತಂಡಗಳು ಬರಿದಾಗುತ್ತಿದ್ದ ಕಾಲ ಅದು. 1936ರ ಫೆಬ್ರುವರಿಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲ ಆಯ್ಕೆ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಅವರು ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಯಾರನ್ನು ಆರಿಸುತ್ತಾರೆ ಎಂಬ ಪ್ರಶ್ನೆಗೂ ಆರಿಸಿದವರು ಏನಾಗುತ್ತಾರೆ ಎಂಬ ಪ್ರಶ್ನೆಗೂ ಸಂಬಂಧ ತೆಳುವೆಂದು ಮೊದಲ ದಿನವೇ ಗೊತ್ತಾಯಿತು.

ಈ ಎರಡನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಟಾಮ್ ಬ್ರೇಡಿ 2000ನೇ ಇಸವಿಯಲ್ಲಿ 199ನೆಯವರಾಗಿ ಆಯ್ಕೆಯಾಗಿ ಮುಂದೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಸಲ ಗೆದ್ದರು. ಆ ದಿನ ಅವರನ್ನು ಆರನೇ ಸುತ್ತಿಗೆ ಹಾಕಿದ್ದ ಅಂದಾಜುಗಾರ ತಪ್ಪು ಮಾಡಿರಲಿಲ್ಲ, ಸರಿಯಾಗಿಯೇ ಹೇಳಿದ್ದ. ಅವನ ಕೆಲಸ ಆಟಗಾರನ ಭವಿಷ್ಯ ಹೇಳುವುದಲ್ಲ, ತಂಡದ ನಡೆ ಹೇಳುವುದು.

ಒಂದು ಸಣ್ಣ ಊರಿನ ತಂಡ

ಒಂದೇ ತಂಡವನ್ನು ಹತ್ತಿರದಿಂದ ನೋಡೋಣ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಲಕ್ಷ ಚಿಲ್ಲರೆ ಜನಸಂಖ್ಯೆಯ ಊರು. ಅದರ ತಂಡ ಗ್ರೀನ್ ಬೇ ಪ್ಯಾಕರ್ಸ್. ಲೀಗಿನ ಬೇರೆ ತಂಡಗಳಿಗೆ ಕೋಟ್ಯಧಿಪತಿ ಮಾಲೀಕರಿದ್ದರೆ, ಇದಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು ಮಾಲೀಕರು. ನಾನು ಈ ತಂಡವನ್ನು ಆರಿಸಿಕೊಂಡದ್ದು ಅದಕ್ಕಲ್ಲ. ಒಂದು ವಿಚಿತ್ರ ದಾಖಲೆ ಇದರ ಹೆಸರಿನಲ್ಲಿ ಬಹಳ ಕಾಲ ಉಳಿದಿತ್ತು.

2002ರಲ್ಲಿ ಜಾವನ್ ವಾಕರ್ ಎಂಬ ರಿಸೀವರ್‌ನನ್ನು ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ಆರಿಸಿತು. ಅದಾದ ಮೇಲೆ 2025ರವರೆಗೆ ಮೊದಲ ಸುತ್ತಿನಲ್ಲಿ ಮತ್ತೊಬ್ಬ ರಿಸೀವರ್ ಬರಲಿಲ್ಲ. ಅಭಿಮಾನಿಗಳು ಪ್ರತಿ ವರ್ಷ ಕೇಳಿದರು, ಅಂದಾಜುಗಾರರು ಹಲವು ಸಲ ಹಾಗೆಯೇ ಬರೆದರು, ಪ್ರತಿ ವರ್ಷವೂ ಅದು ಸುಳ್ಳಾಯಿತು. ಆದರೆ ಈ ತಂಡಕ್ಕೆ ರಿಸೀವರ್‌ಗಳೆಂದರೆ ಅಲಕ್ಷ್ಯ ಎನ್ನುವಂತಿಲ್ಲ. ಎರಡನೇ ಸುತ್ತಿನ ದಾಖಲೆ ನೋಡಿ: 2006ರಲ್ಲಿ ಗ್ರೆಗ್ ಜೆನ್ನಿಂಗ್ಸ್, 2008ರಲ್ಲಿ ಜಾರ್ಡಿ ನೆಲ್ಸನ್, 2011ರಲ್ಲಿ ರ‍್ಯಾಂಡಲ್ ಕಾಬ್, 2014ರಲ್ಲಿ ಡವಾಂಟೆ ಆ್ಯಡಮ್ಸ್, 2022ರಲ್ಲಿ ಕ್ರಿಶ್ಚಿಯನ್ ವಾಟ್ಸನ್, 2023ರಲ್ಲಿ ಜೇಡನ್ ರೀಡ್. ಲೀಗಿನಲ್ಲಿ ಹೆಸರು ಮಾಡಿದವರೇ ಹೆಚ್ಚು.

ಹಾಗಾದರೆ ಮೊದಲ ಸುತ್ತಿನಲ್ಲಿ ಯಾಕಿಲ್ಲ? 'ಅದು ಅವರ ನೀತಿ' ಎಂದು ಒಂದು ಪಂಗಡ ಹೇಳಿತು. 'ಅವರಿಗೆ ತಮ್ಮ ಕೊರತೆ ಕಾಣುವುದಿಲ್ಲ' ಎಂದು ಇನ್ನೊಂದು ಪಂಗಡ ಸಿಟ್ಟಾಯಿತು. ಎರಡೂ ಉತ್ತರ ತಂಡದ ಮನಸ್ಸಿನೊಳಗೆ ಇಣುಕಲು ನೋಡುತ್ತವೆ. ನಾವು ಅದಕ್ಕೂ ಮೊದಲು ಹೊರಗೆ ನೋಡಬೇಕು.

ಸೀಟು ಹಂಚಿಕೆಯ ಲೆಕ್ಕ

ಪಿಯುಸಿ ಮುಗಿಸಿದ ಮಕ್ಕಳಿರುವ ಕರ್ನಾಟಕದ ಮನೆಗಳಲ್ಲಿ ಸಿಇಟಿ ಫಲಿತಾಂಶದ ನಂತರ ನಡೆಯುವ ಮಾತು ನಿಮಗೆ ಗೊತ್ತು. ಮಗಳಿಗೆ ನಾಲ್ಕು ಸಾವಿರದ ರ‍್ಯಾಂಕ್ ಬಂದಿದೆ. ಇಂಥ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೇ? ಅವಳಿಗೆ ಏನು ಇಷ್ಟ ಎಂಬುದು ಈ ಪ್ರಶ್ನೆಯ ಅರ್ಧ ಭಾಗ ಮಾತ್ರ. ಉಳಿದರ್ಧ ಅವಳಿಗಿಂತ ಮುಂದಿರುವ 3,999 ಮಕ್ಕಳ ಕೈಯಲ್ಲಿದೆ. ಅವರಲ್ಲಿ ಒಬ್ಬರ ಪರಿಚಯವೂ ಅಪ್ಪನಿಗಿಲ್ಲ. ಆದರೂ ಅವನು ಕಳೆದ ವರ್ಷದ ಕಟ್‌-ಆಫ್ ತೆಗೆದು, 'ಸಿಗಬಹುದು, ಆದರೆ ಅನುಮಾನ' ಎಂದು ಹೇಳಬಲ್ಲ. ಆಪ್ಷನ್ ಎಂಟ್ರಿ ಮಾಡುವಾಗ ಅದರ ಕೆಳಗೆ ಇನ್ನೂ ಹತ್ತು ಕಾಲೇಜು ತುಂಬಿಸುವುದು ಅದೇ ಅನುಮಾನದಿಂದ.

ಡ್ರಾಫ್ಟ್ ಕೂಡ ಹೀಗೆಯೇ ನಡೆಯುವುದು. ಇಲ್ಲಿ ಆರಿಸುವವರು ತಂಡಗಳು, ಖಾಲಿಯಾಗುವ ಸೀಟುಗಳು ಆಟಗಾರರು. 22ನೇ ಸರದಿಯ ತಂಡ ಆರಿಸುವುದು ತಾನು ಎಲ್ಲಕ್ಕಿಂತ ಹೆಚ್ಚು ಬಯಸಿದವನನ್ನಲ್ಲ. ಮುಂದಿನ 21 ಸರದಿಗಳು ಮುಗಿದ ಮೇಲೆ ಉಳಿದವರಲ್ಲಿ ತಾನು ಬಯಸಿದವನನ್ನು. ಒಬ್ಬ ಆಟಗಾರ ಒಂದು ಸರದಿಯವರೆಗೆ ಕೈಗೆ ಸಿಗುವಂತೆ ಇರುವ ಸಾಧ್ಯತೆಯನ್ನು ಇಲ್ಲಿ 'ಉಳಿಕೆಯ ಸಂಭವ' ಎಂದು ಕರೆಯುತ್ತೇನೆ. ಅಂದಾಜು ಇಲ್ಲಿಂದ ಶುರುವಾಗಬೇಕು.

ಉಳಿಕೆಯ ಲೆಕ್ಕದಲ್ಲಿ ಮನುಷ್ಯನ ಅಂದಾಜು ಸುಲಭವಾಗಿ ದಾರಿ ತಪ್ಪುತ್ತದೆ. ನಿಮ್ಮ ತಂಡ ಒಬ್ಬ ಆಟಗಾರನ ಮೇಲೆ ಕಣ್ಣಿಟ್ಟಿದೆ ಎನ್ನಿ. ಮುಂದೆ ಏಳು ತಂಡಗಳಿವೆ. ಯಾವ ತಂಡಕ್ಕೂ ಅವನ ಮೇಲೆ ವಿಶೇಷ ಆಸೆಯಿಲ್ಲ. ಒಂದೊಂದು ತಂಡ ಅವನನ್ನು ಆರಿಸುವ ಸಂಭವ ನೂರಕ್ಕೆ ಹತ್ತು ಅಷ್ಟೇ. ಒಂದೊಂದಾಗಿ ನೋಡಿದರೆ ಹೆದರಿಕೆ ಇಲ್ಲ. ಒಟ್ಟು ಸೇರಿಸಿ ನೋಡಿ. ಮೊದಲ ತಂಡ ದಾಟಿದ ಮೇಲೆ ಅವನು ಉಳಿದಿರುವ ಸಂಭವ ನೂರಕ್ಕೆ 90. ಎರಡನೆಯದು ದಾಟಿದ ಮೇಲೆ 81. ಮೂರನೆಯದಕ್ಕೆ 73. ಏಳನೆಯದು ದಾಟುವ ಹೊತ್ತಿಗೆ 48ಕ್ಕೆ ಇಳಿದಿರುತ್ತದೆ. ಯಾರಿಗೂ ಹೆಚ್ಚು ಬೇಡವಾಗಿದ್ದವನು ಸಿಗುವುದಕ್ಕಿಂತ ಸಿಗದಿರುವುದೇ ಒಂದು ಕೈ ಮೇಲು.

ಸಿಇಟಿಗೂ ಡ್ರಾಫ್ಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾವಿರಾರು ಮಕ್ಕಳಿರುವಲ್ಲಿ ಒಬ್ಬಿಬ್ಬರು ವಿಚಿತ್ರವಾಗಿ ಆರಿಸಿದರೂ ಒಟ್ಟು ಲೆಕ್ಕ ಕೆಡುವುದಿಲ್ಲ. ಕಟ್‌-ಆಫ್ ವರ್ಷದಿಂದ ವರ್ಷಕ್ಕೆ ಸ್ವಲ್ಪವಷ್ಟೇ ಸರಿದಾಡುತ್ತದೆ. ಡ್ರಾಫ್ಟ್‌ನಲ್ಲಿ ಮುಂದಿರುವವರು ಇಪ್ಪತ್ತೊಂದೇ ಜನ. ಅವರಲ್ಲಿ ಒಬ್ಬರು ಎಲ್ಲರ ಊಹೆ ಮೀರಿದರೆ ಹಿಂದಿನ ಎಲ್ಲ ಸರದಿಗಳೂ ಅಲುಗಾಡುತ್ತವೆ. ಅದಕ್ಕೇ ಸಾಲಾಗಿ ಹೆಸರು ಹೇಳುತ್ತ ಹೋಗುವುದು ಅಷ್ಟು ಕಠಿಣ. ಪ್ರತಿ ಆಯ್ಕೆಯನ್ನೂ ಹತ್ತರಲ್ಲಿ ಆರು ಸಲ ಸರಿಯಾಗಿ ಹೇಳಬಲ್ಲ ಅಸಾಧಾರಣ ನಿಪುಣನೇ ಇದ್ದಾನೆ ಎಂದುಕೊಳ್ಳೋಣ. ಮೊದಲ ಹತ್ತು ಆಯ್ಕೆಗಳನ್ನು ಒಂದೂ ತಪ್ಪದೆ ಹೇಳುವ ಸಂಭವ ಅವನಿಗೂ ಸಾವಿರಕ್ಕೆ ಆರು ಮಾತ್ರ.

ಆರು ರಿಸೀವರ್‌ಗಳು

ಈಗ ಗ್ರೀನ್ ಬೇ ಒಗಟಿಗೆ ಮರಳೋಣ.

2020. ಪ್ಯಾಕರ್ಸ್ ಹಿಂದಿನ ಋತುವಿನಲ್ಲಿ 13 ಪಂದ್ಯ ಗೆದ್ದು ಸೂಪರ್ ಬೌಲ್‌ನ ಹೊಸ್ತಿಲವರೆಗೆ ಹೋಗಿ ಸೋತಿತ್ತು. ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್‌ಗೆ 36 ವರ್ಷ. ಅವರ ಜತೆಗೆ ಇನ್ನೊಬ್ಬ ಒಳ್ಳೆಯ ರಿಸೀವರ್ ಬೇಕೆಂದು ಊರಿಗೆ ಊರೇ ಹೇಳುತ್ತಿತ್ತು. ಆ ವರ್ಷ ಕಾಲೇಜುಗಳಿಂದ ಬಂದ ರಿಸೀವರ್‌ಗಳ ಬೆಳೆಯೂ ಹುಲುಸಾಗಿತ್ತು. ಪ್ಯಾಕರ್ಸ್ ಸರದಿ 30ನೆಯದು. ಡ್ರಾಫ್ಟ್ ಶುರುವಾಯಿತು. 12ನೇ ಸರದಿಯಲ್ಲಿ ಒಬ್ಬ ರಿಸೀವರ್ ಹೋದ. ಆಮೇಲೆ 15, 17, 21, 22ರಲ್ಲಿ. 25ರಲ್ಲಿ ಆರನೆಯವನೂ ಹೋದ. ತಂಡಗಳು ಸರದಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಪ್ಯಾಕರ್ಸ್ ತಮ್ಮ 30ನೆಯದರ ಜತೆಗೆ ನಾಲ್ಕನೇ ಸುತ್ತಿನ ಒಂದು ಸರದಿಯನ್ನೂ ಮಯಾಮಿ ತಂಡಕ್ಕೆ ಕೊಟ್ಟು 26ಕ್ಕೆ ಮುಂದೆ ಬಂದು ಆರಿಸಿದ್ದು ಜಾರ್ಡನ್ ಲವ್ ಅವರನ್ನು. ಅವರು ಕ್ವಾರ್ಟರ್‌ಬ್ಯಾಕ್!

2022. ತಂಡದ ಅತ್ಯುತ್ತಮ ರಿಸೀವರ್ ಡವಾಂಟೆ ಆ್ಯಡಮ್ಸ್ ಅವರನ್ನು ಮಾರ್ಚ್‌ನಲ್ಲಿ ಲಾಸ್ ವೇಗಸ್‌ಗೆ ಬಿಟ್ಟುಕೊಟ್ಟು ಪಡೆದದ್ದು ಎರಡು ಸರದಿ: 22 ಮತ್ತು 53. ತಮ್ಮದೇ 28ನೆಯದೂ ಇತ್ತು. ಮೊದಲ ಸುತ್ತಿನಲ್ಲಿ ಎರಡು ಸರದಿ, ಕಣ್ಣಿಗೆ ಕಾಣುವ ಕೊರತೆ ಒಂದು. ಈ ಸಲ ರಿಸೀವರ್ ಖಂಡಿತ ಎಂದು ಬರೆದವರಿಗೆ ಲೆಕ್ಕವಿಲ್ಲ. ಆದರೆ 8, 10, 11, 12, 16, 18ನೇ ಸರದಿಗಳಲ್ಲಿ ಆರು ರಿಸೀವರ್‌ಗಳು ಖಾಲಿಯಾದರು. 22ರಲ್ಲಿ ಪ್ಯಾಕರ್ಸ್ ಆರಿಸಿದ್ದು ಕ್ವೇ ವಾಕರ್, 28ರಲ್ಲಿ ಡೆವೊಂಟೆ ವಯಟ್. ಇಬ್ಬರೂ ಜಾರ್ಜಿಯಾ ವಿಶ್ವವಿದ್ಯಾಲಯದ ರಕ್ಷಣಾ ಆಟಗಾರರು. ಮರುದಿನ ಎರಡನೇ ಸುತ್ತು ಶುರುವಾದ ಕೂಡಲೇ 53 ಮತ್ತು 59ನೇ ಸರದಿಗಳೆರಡನ್ನೂ ಮಿನೆಸೋಟಕ್ಕೆ ಕೊಟ್ಟು 34ಕ್ಕೆ ಮುಂದೆ ಬಂದರು. ಆಗ ಆರಿಸಿದ್ದು ರಿಸೀವರ್ ವಾಟ್ಸನ್ ಅವರನ್ನು.

ಆಸೆ ಇತ್ತು, ಅದು ಮರುದಿನವೇ ರುಜುವಾಯಿತು. ಎರಡು ವರ್ಷವೂ ಸರದಿ ಬರುವ ಹೊತ್ತಿಗೆ ಅಂಗಡಿ ಖಾಲಿ. ಏಳನೆಯವನು ಆರನೆಯವನಿಗಿಂತ ಎಷ್ಟು ಕಡಿಮೆ ಎಂದು ತೂಗಿ ನೋಡಿದಾಗ, ಬೇರೆ ಜಾಗದ ಒಳ್ಳೆಯ ಆಟಗಾರನೇ ಲಾಭ ಎನಿಸಿರಬೇಕು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೊಕ್ಕವಾಗುತ್ತದೆ, ಆದರೆ ಅರ್ಧಸತ್ಯವಾಗುತ್ತದೆ. 2023ರಲ್ಲಿ ಪ್ಯಾಕರ್ಸ್ ಸರದಿ 13ನೆಯದಾಗಿತ್ತು. ಆ ವರ್ಷ 20ನೇ ಸರದಿಯವರೆಗೂ ಯಾರೂ ರಿಸೀವರ್‌ನನ್ನು ಮುಟ್ಟಲಿಲ್ಲ. ಅಂದರೆ ಪ್ಯಾಕರ್ಸ್ ಮುಂದೆ ಇಡೀ ಅಂಗಡಿ ತೆರೆದಿತ್ತು. ಆರಿಸಿದ್ದು ಲೂಕಸ್ ವ್ಯಾನ್ ನೆಸ್ ಎಂಬ ರಕ್ಷಣಾ ಆಟಗಾರನನ್ನು. ರಿಸೀವರ್‌ಗೆ ಮತ್ತೆ ಎರಡನೇ ಸುತ್ತಿನ 50ನೇ ಸರದಿ. ಇಲ್ಲಿ ಉಳಿಕೆಯ ವಿವರಣೆ ಸಾಲದು. ತಂಡದ ಅಭ್ಯಾಸವೂ ಕೆಲಸ ಮಾಡಿದೆ.

ವಾಡಿಕೆಯ ಲೆಕ್ಕ

ಒಂದು ಸಂಸ್ಥೆ ಮುಂದೆ ಏನು ಮಾಡುತ್ತದೆ ಎಂದು ತಿಳಿಯಲು ಅದು ಇಂದು ಏನು ಹೇಳುತ್ತದೆ ಎನ್ನುವುದಕ್ಕಿಂತ ಹಿಂದೆ ಎಷ್ಟು ಸಲ ಏನು ಮಾಡಿದೆ ಎಂದು ಎಣಿಸುವುದು ಮೇಲು. ಇದೇ 'ವಾಡಿಕೆಯ ಲೆಕ್ಕ'. ಮುನ್ಸೂಚನೆಯಲ್ಲಿ ಪಳಗಿದವರು ಮೊದಲು ಕೈ ಹಾಕುವುದು ಇದಕ್ಕೆ, ಹೊಸಬರು ಕೊನೆಗೆ.

ಪ್ಯಾಕರ್ಸ್‌ನ ವಾಡಿಕೆಯಲ್ಲಿ ಒಂದು ಎಳೆ ಸ್ಪಷ್ಟವಾಗಿದೆ. ಈ ವರ್ಷದ ಕೊರತೆಗಿಂತ ಮೂರು ವರ್ಷದ ಆಚೆಯ ಕೊರತೆ ಅವರಿಗೆ ದೊಡ್ಡದು. 1990ರ ದಶಕದಲ್ಲಿ ತಂಡ ಕಟ್ಟಿದ ರಾನ್ ವುಲ್ಫ್, ಬ್ರೆಟ್ ಫಾವ್ರ್ ಎಂಬ ಮಹಾನ್ ಕ್ವಾರ್ಟರ್‌ಬ್ಯಾಕ್ ಇರುವಾಗಲೇ ಕೆಳಗಿನ ಸುತ್ತುಗಳಲ್ಲಿ ಮಾರ್ಕ್ ಬ್ರೂನೆಲ್, ಮ್ಯಾಟ್ ಹ್ಯಾಸಲ್‌ಬೆಕ್, ಆ್ಯರನ್ ಬ್ರೂಕ್ಸ್ ಅವರನ್ನು ಆರಿಸಿದ್ದರು. ಮೂವರೂ ಮುಂದೆ ಬೇರೆ ತಂಡಗಳ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. ಅವರ ಕೈಕೆಳಗೆ ಕೆಲಸ ಮಾಡಿದ ಟೆಡ್ ಥಾಮ್ಸನ್ 2005ರಲ್ಲಿ ತಮ್ಮ ಮೊದಲ ಡ್ರಾಫ್ಟ್‌ಗೆ ಕುಳಿತರು. ಒಂದನೇ ಸರದಿಯಲ್ಲೇ ಹೋಗಬಹುದೆಂದು ಹೇಳಲಾಗುತ್ತಿದ್ದ ರಾಜರ್ಸ್ 23 ಆಯ್ಕೆಗಳು ಮುಗಿದರೂ ಉಳಿದಿದ್ದರು. ಫಾವ್ರ್ ಇನ್ನೂ ಆಡುತ್ತಿದ್ದರು. ಥಾಮ್ಸನ್ ರಾಜರ್ಸ್ ಅವರನ್ನು ಆರಿಸಿ ಮೂರು ವರ್ಷ ಬೆಂಚಿನಲ್ಲಿ ಕೂರಿಸಿದರು. 2018ರಿಂದ ಆಟಗಾರರನ್ನು ಆರಿಸುವ ಜವಾಬ್ದಾರಿ ಹೊತ್ತ ಬ್ರಯನ್ ಗೂಟೆಕುನ್ಸ್ಟ್ ಕೂಡ ಇದೇ ಗರಡಿಯವರು. 2020ರಲ್ಲಿ ಲವ್ ಅವರನ್ನು ಆರಿಸಿ ಅದೇ ಮೂರು ವರ್ಷ ಕೂರಿಸಿದರು. ರಾಜರ್ಸ್ 2020, 2021 ಎರಡೂ ವರ್ಷ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದು 2023ರಲ್ಲಿ ನ್ಯೂಯಾರ್ಕಿಗೆ ಹೋದರು. ಲವ್ ಗದ್ದುಗೆಗೆ ಬಂದರು.

2020ರ ಆಯ್ಕೆ ದೇಶವನ್ನೇ ಬೆಚ್ಚಿಬೀಳಿಸಿತು ಎಂದು ಬರೆದರು. 1990ರ ದಶಕದಿಂದ ಎಣಿಸಿದ್ದವರಿಗೆ ಅಷ್ಟು ಬೆಚ್ಚುವ ಕಾರಣವಿರಲಿಲ್ಲ. ಲವ್ ಬರುವುದು ಖಚಿತ ಎಂದು ಅವರೂ ಹೇಳುತ್ತಿರಲಿಲ್ಲ. 'ಕ್ವಾರ್ಟರ್‌ಬ್ಯಾಕ್ ಆರಿಸುವ ಸಂಭವ ಜನ ತಿಳಿದಷ್ಟು ಕಡಿಮೆಯಲ್ಲ' ಎನ್ನುತ್ತಿದ್ದರು. ಒಳ್ಳೆಯ ಮುನ್ಸೂಚನೆ ಹೆಚ್ಚಿನ ಸಲ ಇಷ್ಟೇ ಸಪ್ಪೆಯಾಗಿರುತ್ತದೆ.

ಈಗ ಯಂತ್ರ ಪೂರ್ತಿಯಾಯಿತು. ಪ್ರತಿ ಆಟಗಾರನಿಗೂ ಎರಡು ಅಂಕಿ ಬೇಕು: ಸರದಿ ಬರುವವರೆಗೆ ಅವನು ಉಳಿದಿರುವ ಸಂಭವ ಒಂದು, ಉಳಿದಿದ್ದರೆ ಈ ತಂಡ ತನ್ನ ವಾಡಿಕೆಯಂತೆ ಅವನನ್ನು ಆರಿಸುವ ಸಂಭವ ಇನ್ನೊಂದು. ಎರಡನ್ನೂ ಗುಣಿಸಿ. ಅತ್ಯುತ್ತಮ ಆಟಗಾರನ ಮೇಲೆ ಆಸೆ ಅಪಾರ, ಉಳಿಕೆ ಶೂನ್ಯ, ಗುಣಲಬ್ಧವೂ ಶೂನ್ಯ. ಕೊನೆಯ ಸುತ್ತಿನವನ ಉಳಿಕೆ ನೂರಕ್ಕೆ ನೂರು, ಆಸೆ ಶೂನ್ಯ, ಅಲ್ಲೂ ಶೂನ್ಯವೇ. ಎರಡೂ ಮಧ್ಯಮವಾಗಿರುವ ಐದಾರು ಜನರ ಹತ್ತಿರ ದೊಡ್ಡ ಅಂಕಿಗಳು ಸೇರುತ್ತವೆ. ಇಎಸ್‌ಪಿಎನ್ ವಾಹಿನಿಯ ವಿಶ್ಲೇಷಕರಂತೂ ಪ್ರತಿ ಆಟಗಾರ ಪ್ರತಿ ಸರದಿಯವರೆಗೆ ಉಳಿಯುವ ಸಂಭವವನ್ನೇ ಲೆಕ್ಕ ಹಾಕಿ ಪ್ರಕಟಿಸುತ್ತಾರೆ.

ಯಾರ ಮಾತು ನಂಬುವುದು

ಅಂಕಿಗಳು ಬರುವುದೆಲ್ಲಿಂದ? ತಂಡಗಳು ಬಾಯಿ ಬಿಡುವುದಿಲ್ಲ. ಬಿಟ್ಟರೂ ನಂಬುವಂತಿಲ್ಲ, ಏಕೆಂದರೆ ಸುಳ್ಳು ಹೇಳಿದರೆ ಅವರಿಗೆ ನಷ್ಟವೇನೂ ಇಲ್ಲ. ನಿಜ ಹೇಳಿದರೆ ಮಾತ್ರ ನಷ್ಟ. ಹಿಂದಿನ ತಂಡವೊಂದು ಜಿಗಿದು ಮುಂದೆ ಬಂದು ಅವರ ಆಟಗಾರನನ್ನು ಒಯ್ಯಬಹುದು. ಆದ್ದರಿಂದ ಕೊನೆಯ ವಾರದಲ್ಲಿ ಹರಿದಾಡುವ ಪಿಸುಮಾತಿಗಿಂತ, ತಂಡ ಏನನ್ನಾದರೂ ತೆತ್ತು ಮಾಡಿದ ಕೆಲಸಕ್ಕೆ ಬೆಲೆ ಹೆಚ್ಚು. ಒಂದು ತಂಡ 30 ಆಟಗಾರರನ್ನು ಮಾತ್ರ ತನ್ನ ಕೇಂದ್ರಕ್ಕೆ ಅಧಿಕೃತವಾಗಿ ಕರೆಸಿಕೊಳ್ಳಬಹುದು. ಆ ಮೂವತ್ತರಲ್ಲಿ ಒಂದನ್ನು ಖರ್ಚು ಮಾಡಿದ್ದರೆ ಅದಕ್ಕೊಂದು ಅರ್ಥವಿದೆ. ಮಾರ್ಚ್‌ನಲ್ಲಿ ಹಣ ಸುರಿದು ಬೇರೆ ತಂಡದಿಂದ ಆಟಗಾರನನ್ನು ತಂದರೆ ಆ ಜಾಗದ ಹಸಿವು ತಗ್ಗಿದೆ ಎಂದರ್ಥ.

ಇದೂ ಕೈಕೊಡುವುದುಂಟು. 2024ರ ಮಾರ್ಚ್‌ನಲ್ಲಿ ಅಟ್ಲಾಂಟ ತಂಡ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ಏಪ್ರಿಲ್‌ನಲ್ಲಿ ಎಂಟನೇ ಸರದಿಯಲ್ಲಿ ಮೈಕೆಲ್ ಪೆನಿಕ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನೇ ಆರಿಸಿತು. ಆ ಸಂಭವಕ್ಕೆ ಸೊನ್ನೆ ಕೊಟ್ಟಿದ್ದವರ ಪಟ್ಟಿ ಅಲ್ಲಿಗೇ ಹರಿದುಹೋಯಿತು.

ಹೊರಗಿನವರಿಗೆ ಎಂದೂ ಸಿಗದ ಮಾಹಿತಿಯೂ ಒಂದಿದೆ. ಪ್ರತಿ ವರ್ಷ ಇಂಡಿಯಾನಪೊಲಿಸ್ ನಗರದಲ್ಲಿ ಆಟಗಾರರ ಪರೀಕ್ಷಾ ಶಿಬಿರ ನಡೆಯುತ್ತದೆ. ಟಿವಿಯಲ್ಲಿ ಕಾಣುವುದು 40 ಗಜದ ಓಟ. 2024ರಲ್ಲಿ ಝೇವಿಯರ್ ವರ್ದಿ ಅದನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ತಂಡಗಳಿಗೆ ಮಾತ್ರ ಅಲ್ಲಿನ ಮುಖ್ಯ ಕೆಲಸ ವೈದ್ಯಕೀಯ ತಪಾಸಣೆ ಮತ್ತು ಮುಚ್ಚಿದ ಕೋಣೆಯ ಮಾತುಕತೆ. ಮೊಣಕಾಲಿನ ಹಳೆಯ ಗಾಯ ಎಷ್ಟು ವಾಸಿಯಾಗಿದೆ, ಹುಡುಗ ತಪ್ಪು ತಿದ್ದಿಕೊಳ್ಳುವವನೇ ಎಂಬುದು ಅವರ ಕಡತಗಳಲ್ಲಿ ಉಳಿಯುತ್ತದೆ. ಮೇಲಿರಬೇಕಾದ ಆಟಗಾರ ಇದ್ದಕ್ಕಿದ್ದಂತೆ ಕೆಳಗೆ ಜಾರಿದರೆ ಕಾರಣವನ್ನು ಮೊದಲು ಅಲ್ಲಿ ಹುಡುಕಬೇಕು.

ಸಾವಿರ ಜನರ ಸರಾಸರಿ

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅದರ 787 ಚೀಟಿಗಳನ್ನು ತರಿಸಿಕೊಂಡು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನ ಅಂಕಿ ನೋಡಿದರು: 1,207 ಪೌಂಡ್. ನಿಜವಾದ ತೂಕ 1,198 ಪೌಂಡ್. ಒಬ್ಬ ಹೆಚ್ಚು ಹೇಳಿದರೆ ಇನ್ನೊಬ್ಬ ಕಡಿಮೆ ಹೇಳುತ್ತಾನೆ. ಗುಂಪಿನಲ್ಲಿ ತಪ್ಪು ತಪ್ಪನ್ನೇ ಹೊಡೆದುಹಾಕುತ್ತದೆ.

ಡ್ರಾಫ್ಟ್‌ಗೂ ಇದನ್ನು ಅನ್ವಯಿಸಿದ್ದಾರೆ. ಏಪ್ರಿಲ್ ಬರುವುದರೊಳಗೆ ನೂರಾರು ಜನ 'ಅಣಕು ಡ್ರಾಫ್ಟ್' ಬರೆಯುತ್ತಾರೆ. ಯಾವ ತಂಡಕ್ಕೆ ಯಾರು ಎಂಬ ಕಲ್ಪಿತ ಪಟ್ಟಿ ಅದು. ಬೆನ್ ರಾಬಿನ್ಸನ್ ಎಂಬ ದತ್ತಾಂಶ ವಿಶ್ಲೇಷಕರು ಇವನ್ನೆಲ್ಲ ಕೂಡಿಹಾಕಿ ಪ್ರತಿ ಆಟಗಾರ ಸುಮಾರು ಎಷ್ಟನೇ ಸರದಿಗೆ ಹೋಗಬಹುದೆಂದು ಲೆಕ್ಕ ತೆಗೆಯುತ್ತಾರೆ. ಉಳಿಕೆಯ ಸಂಭವಕ್ಕೆ ಇದು ಒಳ್ಳೆಯ ಆಧಾರ.

ಆದರೆ ಗಾಲ್ಟನ್ ಅವರ ಚೀಟಿಗಳು ಸರಿಬಂದದ್ದು ಒಂದು ಷರತ್ತಿನ ಮೇಲೆ. ಜನ ಒಬ್ಬರ ಚೀಟಿ ಇನ್ನೊಬ್ಬರು ನೋಡಿ ಬರೆದಿರಬಾರದು. ಅಣಕು ಡ್ರಾಫ್ಟ್ ಬರೆಯುವವರು ಪರಸ್ಪರ ಓದುತ್ತಾರೆ, ಒಂದೇ ಮೂಲದ ಸುದ್ದಿ ಕೇಳುತ್ತಾರೆ. ಆಗ ನೂರು ಪಟ್ಟಿಗಳು ನೂರು ಅಭಿಪ್ರಾಯವಾಗಿ ಉಳಿಯುವುದಿಲ್ಲ. ಒಂದೇ ಅಭಿಪ್ರಾಯದ ನೂರು ಪ್ರತಿಗಳಾಗುತ್ತವೆ. 2023ರಲ್ಲಿ ವಿಲ್ ಲೆವಿಸ್ ಮೊದಲ ಸುತ್ತಿನಲ್ಲಿ ಹೋಗುತ್ತಾರೆ ಎಂದು ಬಹುತೇಕರು ಬರೆದರು. ಅವರು ಎರಡನೇ ಸುತ್ತಿಗೆ, 33ಕ್ಕೆ, ಜಾರಿದರು. 2025ರಲ್ಲಿ ಶೆಡೂರ್ ಸ್ಯಾಂಡರ್ಸ್ ಅವರನ್ನು ಹಲವರು ಮೊದಲ ಸುತ್ತಿಗೆ ಬರೆದಿದ್ದರು. ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಆರಿಸಿದ್ದು ಐದನೇ ಸುತ್ತಿನಲ್ಲಿ, 144ನೆಯವರಾಗಿ. ಗುಂಪು ತಪ್ಪಿದಾಗ ಎಲ್ಲರೂ ಒಟ್ಟಿಗೇ ತಪ್ಪುತ್ತಾರೆ.

ತಂಡಗಳೂ ಹಾಗೆಯೇ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ (2017ರ ನೊಬೆಲ್ ಪುರಸ್ಕೃತರು) ಕೇಡ್ ಮ್ಯಾಸಿ ಜತೆ ಸೇರಿ ಡ್ರಾಫ್ಟ್‌ನ ದಾಖಲೆಗಳನ್ನು ಜಾಲಾಡಿದರು. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಚೆನ್ನಾಗಿ ಆಡಿದ್ದು ನೂರಕ್ಕೆ ಸುಮಾರು 52 ಸಲ ಮಾತ್ರ. ನಾಣ್ಯ ಚಿಮ್ಮಿದರೆ 50. ಇಷ್ಟು ತೆಳುವಾದ ತಿಳಿವಳಿಕೆಯ ಮೇಲೆ ತಂಡಗಳು ಮುಂದಿನ ಸರದಿಗಾಗಿ ಎರಡು ಮೂರು ಸರದಿಗಳನ್ನು ಧಾರಾಳವಾಗಿ ತೆರುತ್ತವೆ. ತಮ್ಮ ಕಣ್ಣಿನ ಮೇಲೆ ಅವರಿಗಿರುವ ಅತಿ ನಂಬಿಕೆಯೂ ನಮಗೊಂದು ಮಾಹಿತಿ. ಕ್ವಾರ್ಟರ್‌ಬ್ಯಾಕ್ ಬೇಕಾದ ತಂಡ ಸುಮ್ಮನೆ ಕಾಯುತ್ತದೆ ಎಂದು ಬರೆಯುವಾಗ ಎರಡು ಸಲ ಯೋಚಿಸಬೇಕು.

ಹೆಸರಿನ ಪಕ್ಕದಲ್ಲಿ ಅಂಕಿ

2025ರ ಡ್ರಾಫ್ಟ್ ಗ್ರೀನ್ ಬೇ ಊರಿನಲ್ಲೇ, ಲ್ಯಾಂಬೋ ಕ್ರೀಡಾಂಗಣದ ಅಂಗಳದಲ್ಲಿ ನಡೆಯಿತು. ಪ್ಯಾಕರ್ಸ್ ಸರದಿ 23. ಕಳೆದ 22 ವರ್ಷಗಳ ವಾಡಿಕೆ ನೋಡಿದರೆ ರಿಸೀವರ್ ಬರುವ ಸಂಭವ ಚಿಕ್ಕದು. ಉಳಿಕೆ ನೋಡಿದರೆ ಕಥೆ ಬೇರೆ: ಈ ಸಲ ಆರು ಜನ ಹೋಗಿರಲಿಲ್ಲ. ಎರಡೂ ಬದಿ ಆಡಬಲ್ಲ ಟ್ರಾವಿಸ್ ಹಂಟರ್ ಅವರನ್ನೂ ಸೇರಿಸಿಕೊಂಡರೆ ಮೂವರು. ಟೆಕ್ಸಾಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಉಳಿದಿದ್ದರು, 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದವರು. ತಂಡದ ಆಗಿನ ಅಧ್ಯಕ್ಷ ಮಾರ್ಕ್ ಮರ್ಫಿ ವೇದಿಕೆಗೆ ಬಂದು ಅವರ ಹೆಸರು ಓದಿದರು. ಅಂಗಳ ಸ್ಫೋಟಿಸಿದಂತೆ ಕೂಗಿತು.

ವಾಡಿಕೆಯೊಂದನ್ನೇ ನಂಬಿ 'ರಿಸೀವರ್ ಎಂದಿಗೂ ಇಲ್ಲ' ಎಂದವರು ಅಂದು ತಪ್ಪಿದರು. ಐದು ವರ್ಷದಿಂದ 'ರಿಸೀವರ್ ಖಂಡಿತ' ಎನ್ನುತ್ತಿದ್ದವರು ಕೊನೆಗೂ ಸರಿಯಾದರು. ಇಬ್ಬರಲ್ಲಿ ಯಾರು ಒಳ್ಳೆಯ ಅಂದಾಜುಗಾರ? ಒಂದು ದಿನದ ಫಲಿತಾಂಶದಿಂದ ಹೇಳಲಾಗದು. ಇದಕ್ಕೊಂದು ಅಳತೆಗೋಲನ್ನು ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲೇ ಕೊಟ್ಟಿದ್ದಾರೆ. ಮಳೆ ಬರುವ ಸಂಭವ ಶೇ 30 ಎಂದು ಹೇಳಿದ ದಿನಗಳನ್ನೆಲ್ಲ ಒಟ್ಟು ಮಾಡಿ. ಅವುಗಳಲ್ಲಿ ಹತ್ತಕ್ಕೆ ಮೂರು ದಿನ ಮಳೆ ಬಂದಿದ್ದರೆ ಹೇಳಿದವರು ಬಲ್ಲವರು. ಹೇಳಿದ ಅಂಕಿಗೂ ನಡೆದದ್ದಕ್ಕೂ ಅಂತರ ಹೆಚ್ಚಿದಷ್ಟೂ ದಂಡ ಹೆಚ್ಚು; ಖಂಡಿತ ಎಂದು ಹೇಳಿ ತಪ್ಪಿದವರಿಗೆ ಎಲ್ಲಕ್ಕಿಂತ ದೊಡ್ಡ ದಂಡ. ಡ್ರಾಫ್ಟ್ ಅಂದಾಜಿಗೂ ಇದೇ ತಕ್ಕಡಿ ಸಾಕು. ಮೊದಲ ಸುತ್ತಿನ 32 ಆಯ್ಕೆಗಳಲ್ಲಿ ತಂಡ ಮತ್ತು ಆಟಗಾರ ಎರಡೂ ಹೊಂದುವಂತೆ ಹತ್ತನ್ನು ಹೇಳಿದರೆ ಅದನ್ನು ಅತ್ಯುತ್ತಮ ಸಾಧನೆಯೆಂದೇ ಎಣಿಸುತ್ತಾರೆ. ಆದ್ದರಿಂದ ಒಂದೇ ಹೆಸರು ಬರೆದು ಅದರ ಕೆಳಗೆ ಗೆರೆ ಎಳೆಯುವ ಪಟ್ಟಿಗಿಂತ, ಐದು ಹೆಸರು ಬರೆದು ಪ್ರತಿಯೊಂದರ ಮುಂದೆ ಅಂಕಿ ಇಡುವ ಪಟ್ಟಿ ಹೆಚ್ಚು ಪ್ರಾಮಾಣಿಕ.

ಅಮೆರಿಕದಲ್ಲಿರುವ ನಂಟರ ಮನೆಯಲ್ಲಿ ಕುಳಿತೋ ಇಲ್ಲೇ ಫೋನಿನಲ್ಲೋ ಮುಂದಿನ ಡ್ರಾಫ್ಟ್ ನೋಡುವವರು ಇಂಥದೊಂದು ಪಟ್ಟಿ ಬರೆದು ನೋಡಿ. ತಂಡ ಯಾವುದಾದರೂ ಸರಿ. ಮೊದಲು ಅದರ ಹತ್ತು ವರ್ಷದ ಆಯ್ಕೆಗಳನ್ನು ಎಣಿಸಿ, ಆಮೇಲೆ ಅದರ ಮುಂದಿರುವ ತಂಡಗಳ ಕೊರತೆಗಳನ್ನು ಬರೆದುಕೊಳ್ಳಿ, ತಂಡದ ಕೊರತೆ ಏನೆಂಬುದನ್ನು ಕೊನೆಗಿಡಿ. ಪ್ಯಾಕರ್ಸ್‌ನಿಂದಲೇ ಶುರು ಮಾಡುವವರಿಗೆ ಒಂದು ಸೂಚನೆ: 2025ರ ಆಗಸ್ಟ್‌ನಲ್ಲಿ ಆ ತಂಡ ಮೈಕಾ ಪಾರ್ಸನ್ಸ್ ಎಂಬ ರಕ್ಷಣಾ ಆಟಗಾರನನ್ನು ಡಲ್ಲಾಸ್‌ನಿಂದ ತಂದುಕೊಂಡಿತು. ಅದಕ್ಕೆ ತೆತ್ತ ಬೆಲೆಯಲ್ಲಿ 2026 ಮತ್ತು 2027ರ ಮೊದಲ ಸುತ್ತಿನ ಎರಡೂ ಸರದಿಗಳು ಸೇರಿವೆ. ಬೇರೆ ತಂಡದಿಂದ ಸರದಿ ಕೊಂಡು ಮುಂದೆ ಬಂದರೆ ಬೇರೆ ಮಾತು. ಇಲ್ಲವಾದರೆ ಆ ಎರಡು ವರ್ಷ ನಿಮ್ಮ ಪಟ್ಟಿ ಎರಡನೇ ಸುತ್ತಿನಿಂದಲೇ ಶುರುವಾಗಬೇಕು. ಆ ಸುತ್ತಿನಲ್ಲಿ ರಿಸೀವರ್‌ಗೆ ಒಂದಿಷ್ಟು ಹೆಚ್ಚೇ ಅಂಕಿ ಕೊಡಿ.